ನೀಲಗಂಗೆಯ ನಲವತ್ತೊಂದು ದಿನ

ಬೆಳ್ಮಳಲು ಬಂದರಿನ ಮೀನುಗಾರರ ಸಂಘಕ್ಕೆ ಲೆಕ್ಕದ ಪುಸ್ತಕ ಇಡುವ ಕಪಾಟು ಇರಲಿಲ್ಲ. ಪುಸ್ತಕ ಕಡಲ ಮೇಲೆ ತೇಲುತ್ತಿತ್ತು. ಇನ್ನೂರ ಹದಿಮೂರು ದೋಣಿಗಳ ಚುಕ್ಕಾಣಿ ಕೋಣೆಗಳಲ್ಲಿ, ದೇವರ ಪಟದ ಕೆಳಗೆ, ಊಟದ ಡಬ್ಬಿಯಷ್ಟು ದೊಡ್ಡದಾದ ಒಂದೊಂದು ಹಳದಿ ಪೆಟ್ಟಿಗೆ. ಪ್ರತಿಯೊಂದರಲ್ಲೂ ಇಡೀ ಬಂದರಿನ ಪೂರ್ತಿ ಲೆಕ್ಕ: ಯಾರಿಗೆ ಎಷ್ಟು ಮೀನು ಸಿಕ್ಕಿತು, ಪಾಲು ಹೇಗಾಯಿತು, ಯಾರು ಯಾರಿಗೆ ದುಡ್ಡು ಕಳಿಸಿದರು, ವಿಮೆಯ ಕಂತು ಕಟ್ಟಿದವರು ಯಾರು. ಎರಡು ದೋಣಿಗಳು ಹತ್ತಿರ ಹಾದುಹೋದರೆ ಪೆಟ್ಟಿಗೆಗಳು ತಮ್ಮಷ್ಟಕ್ಕೆ ಮಾತಾಡಿಕೊಂಡು ಹೊಸ ಬರಹಗಳನ್ನು ಹಂಚಿಕೊಳ್ಳುತ್ತಿದ್ದವು. ಪ್ರತಿ ಪುಟದ ನೆತ್ತಿಯಲ್ಲಿ ಹಿಂದಿನ ಪುಟದ ಗುರುತು ಹೆಣೆದುಕೊಂಡಿರುತ್ತಿತ್ತು. ಹಳೆಯದರಲ್ಲಿ ಒಂದು ಅಕ್ಷರ ತಿದ್ದಿದರೂ ಮುಂದಿನ ಪುಟಗಳೆಲ್ಲ ಹೊಂದಿಕೆ ತಪ್ಪಿ ಸುಳ್ಳು ಬಯಲಾಗುತ್ತಿತ್ತು. ಬ್ಲಾಕ್‌ಚೈನ್ ಎಂಬ ಹೆಸರು ಸಂಘದ ಬೋರ್ಡಿನ ಮೇಲೆ ಮಾತ್ರ ಉಳಿದಿತ್ತು. ಊರವರ ಬಾಯಲ್ಲಿ ಅದು ಸರಪಳಿ.

ಅದನ್ನು ಕಟ್ಟಿದವಳು ವಾರಿಜ. ಐವತ್ತು ದಾಟಿದ, ಕನ್ನಡಕವನ್ನು ಯಾವಾಗಲೂ ಹಣೆಯ ಮೇಲೆ ಏರಿಸಿಕೊಂಡಿರುವ ಹೆಂಗಸು. ಅವಳು ಹುಡುಗಿಯಾಗಿದ್ದಾಗ ಸಂಘದ ಪುಸ್ತಕದ ನಾಲ್ಕು ಹಾಳೆಗಳನ್ನು ಯಾರೋ ಹರಿದುಹಾಕಿ, ಒಂದು ವರ್ಷದ ಉಳಿತಾಯವೇ ಇಲ್ಲವಾಗಿತ್ತು. ಹರಿಯಲಾಗದ ಪುಸ್ತಕವೊಂದು ಬೇಕು ಎಂದು ಅವಳು ಅಂದೇ ಅಂದುಕೊಂಡಿದ್ದಳಂತೆ. ಮಂಜುಗಡ್ಡೆ ಕಾರ್ಖಾನೆಯ ಮಹಡಿಯಲ್ಲಿ ಅವಳ ಕೋಣೆ. ಕೆಳಗಿನ ಶೀತಕ್ಕೆ ನೆಲ ಸದಾ ತಣ್ಣಗಿರುತ್ತಿತ್ತು. ಬೆಳಿಗ್ಗೆ ಬಾಗಿಲು ತೆರೆದಾಗ ಮೆಟ್ಟಿಲ ಬುಡದಿಂದ ಬಿಳಿ ಆವಿ ಏರಿ ಬಂದು ಪರದೆಗಳ ಮುಂದೆ ಸುಳಿದಾಡುತ್ತಿತ್ತು. ಪರದೆಯ ಮೇಲೆ ಕಡಲ ನಕ್ಷೆ, ಅದರಲ್ಲಿ ದೋಣಿಗೊಂದು ಹಸಿರು ಚುಕ್ಕಿ. ಆವಿಯ ಹಿಂದಿನಿಂದ ನೋಡಿದರೆ ಚುಕ್ಕಿಗಳು ನಿಜಕ್ಕೂ ಅಲೆಯ ಮೇಲೆ ಏರಿಳಿಯುತ್ತಿವೆ ಅನ್ನಿಸುತ್ತಿತ್ತು.

ಅಕ್ಟೋಬರ್ ಕೊನೆಯ ಚಂಡಮಾರುತದಲ್ಲಿ ಒಂದು ಚುಕ್ಕಿ ಆರಿತು. ಅದು ನೀಲಗಂಗೆ. ಅದರಲ್ಲಿ ಮೂವರಿದ್ದರು. ದೋಣಿ ನಡೆಸುವ ತಾಂಡೇಲ ಕಾಳಿಂಗ, ಮದುವೆಯಿಲ್ಲದ ಮುದುಕ. ಬಲೆಯ ಕೆಲಸದ ಶೀನ. ಇಂಜಿನ್ ನೋಡಿಕೊಳ್ಳುವ ರಾಜೀವ. ಹನ್ನೆರಡು ದಿನ ಹುಡುಕಿದರು. ಒಂದು ಹಲಗೆಯೂ ಸಿಗಲಿಲ್ಲ.

ಹಿಂದಿನ ಕಾಲವಾಗಿದ್ದರೆ ಕಡಲಲ್ಲಿ ಕಾಣೆಯಾದವನ ಮನೆಯವರು ಕಚೇರಿಯಿಂದ ಕಚೇರಿಗೆ ಏಳು ವರ್ಷ ಅಲೆಯಬೇಕಿತ್ತು. ಈಗ ಹಾಗಿಲ್ಲ. ಕರಾವಳಿಯ ಹದಿನಾಲ್ಕು ಬಂದರುಗಳು ಸೇರಿ ಒಂದು ವಿಮಾ ನಿಧಿ ಕಟ್ಟಿದ್ದವು. ಅದರ ಕರಾರನ್ನು ಸರಪಳಿಯೊಳಗೇ ಬರೆದಿದ್ದರು. ಪರವಾನಗಿಯ ಗಡಿಯೊಳಗಿದ್ದ ದೋಣಿಯ ಪೆಟ್ಟಿಗೆ ತೊಂಬತ್ತು ದಿನ ಮೌನವಾಗಿದ್ದರೆ ಪ್ರತಿಯೊಬ್ಬನ ಮನೆಗೆ ಹನ್ನೆರಡು ಲಕ್ಷ. ಅರ್ಜಿ ಬೇಡ, ಸಹಿ ಬೇಡ, ಯಾರ ಮುಂದೆಯೂ ಕೈಮುಗಿದು ನಿಲ್ಲುವುದು ಬೇಡ.

ಶೀನನ ಹೆಂಡತಿ ಗುಲಾಬಿ ಮೀನು ಪೇಟೆಯಲ್ಲಿ ಕೂತು ಬಂಗುಡೆ ಹೆಚ್ಚುತ್ತಿದ್ದಾಗ ಮೊಬೈಲ್ ಗುಣುಗಿತು. ಒದ್ದೆ ಕೈಯಲ್ಲೇ ತೆಗೆದು ನೋಡಿದಳು. ಖಾತೆಗೆ ಹನ್ನೆರಡು ಲಕ್ಷ ಬಂದಿತ್ತು. ಅದರ ಕೆಳಗೆ, ಶೀನನ ಖಾತೆ ಮುಕ್ತಾಯ ಎಂದು ಒಂದು ಸಾಲು. ಅರ್ಧ ಹೆಚ್ಚಿದ ಮೀನನ್ನು ಹಾಗೆಯೇ ಬಿಟ್ಟು ಅವಳು ಮಂಜುಗಡ್ಡೆ ಕಾರ್ಖಾನೆಯ ಮೆಟ್ಟಿಲು ಹತ್ತಿದಳು.

"ವಾರಿಜಕ್ಕ, ಈ ದುಡ್ಡ್ ವಾಪಸ್ ತಕಣಿ."

"ಆತಿಲ್ಲೆ ಗುಲಾಬಿ. ಕೊಟ್ಟದ್ದ್ ನಾನಲ್ಲ. ತೊಂಬತ್ತ್ ದಿನ ಆಯ್ತ್, ಅದೇ ಕೊಟ್ಟಿತ್."

"ಅವ್ರ್ ಸತ್ತ್ರ್ ಅಂದೇಳಿ ಅದಕ್ಕೆ ಹೇಳದ್ದ್ ಯಾರ್?"

ವಾರಿಜ ಕನ್ನಡಕವನ್ನು ಹಣೆಯಿಂದ ಇಳಿಸಿದಳು. "ಯಾರೂ ಹೇಳಲಿಲ್ಲ. ಅದ್ ಯಾರನ್ನೂ ಕೇಣತಿಲ್ಲೆ. ದಿನ ಎಣಿಸ್ತ್, ಅಷ್ಟೆ."

ಗುಲಾಬಿ ಆ ದುಡ್ಡನ್ನು ಮುಟ್ಟಲಿಲ್ಲ. ಕುತ್ತಿಗೆಯ ಕರಿಮಣಿ ತೆಗೆಯಲಿಲ್ಲ, ಉತ್ತರಕ್ರಿಯೆಗೂ ಒಪ್ಪಲಿಲ್ಲ. ಪ್ರತಿ ತಿಂಗಳು ಶೀನನ ಮೊಬೈಲಿಗೆ ಕರೆನ್ಸಿ ಹಾಕಿಸುತ್ತಿದ್ದಳು. ಮಧ್ಯಾಹ್ನ ಪೇಟೆಯಿಂದ ಬಂದು, ಉಂಡು, ಚಾವಡಿಯ ಕಂಬಕ್ಕೊರಗಿ ಆ ನಂಬರಿಗೆ ಕರೆ ಮಾಡುವಳು. ನೀವು ಕರೆ ಮಾಡಿದ ಚಂದಾದಾರರು ವ್ಯಾಪ್ತಿ ಪ್ರದೇಶದಿಂದ ಹೊರಗಿದ್ದಾರೆ ಎಂದು ಒಂದು ಹೆಣ್ಣುದನಿ ಹೇಳುತ್ತಿತ್ತು. ಹೊರಗಿದ್ದಾರೆ, ಅಷ್ಟೆ. ಇಲ್ಲ ಎಂದು ಆ ದನಿ ಒಮ್ಮೆಯೂ ಹೇಳಿರಲಿಲ್ಲ. ಅದನ್ನು ಕೇಳಿಸಿಕೊಂಡ ಮೇಲೆ ಗುಲಾಬಿಯ ಕಣ್ಣಿಗೆ ಜೊಂಪು ಹತ್ತುತ್ತಿತ್ತು.

ರಾಜೀವನ ಹೆಂಡತಿ ಸರಸುವಿಗೆ ಹಾಗೆ ಕಾಯುವಷ್ಟು ಸಮಯವಿರಲಿಲ್ಲ. ಆರು ವರ್ಷದ ಮಗಳು ಪ್ರಾಪ್ತಿಗೆ ಹುಟ್ಟುವಾಗಲೇ ಹೃದಯದಲ್ಲಿ ತೂತು. ನಾಲ್ಕು ಮೆಟ್ಟಿಲು ಹತ್ತಿದರೆ ತುಟಿ ನೀಲಿಗಟ್ಟುತ್ತಿತ್ತು. ದುಡ್ಡು ಬಂದ ಮರುವಾರವೇ ಸರಸು ಮಗಳನ್ನು ದೊಡ್ಡಾಸ್ಪತ್ರೆಗೆ ಸೇರಿಸಿದಳು. ಒಂಬತ್ತು ಲಕ್ಷ ಖರ್ಚಾಯಿತು. ಮಗು ಉಳಿಯಿತು. ಕಾಳಿಂಗನಿಗೆ ವಾರಸುದಾರರಿಲ್ಲದ್ದರಿಂದ ಅವನ ಪಾಲು ಸಂಘದ ಖಾತೆಯಲ್ಲಿ ಬಿದ್ದಿತ್ತು.

ಜೂನ್ ಬಂತು. ಮಳೆಗಾಲದ ಎರಡು ತಿಂಗಳು ಯಾಂತ್ರಿಕ ದೋಣಿಗಳಿಗೆ ಕಡಲು ನಿಷೇಧ. ಇನ್ನೂರ ಹನ್ನೆರಡೂ ದೋಣಿಗಳು ಅಳಿವೆಯೊಳಗೆ ಒಂದಕ್ಕೊಂದು ಮೈತಾಗಿಸಿ ನಿಂತಿದ್ದವು. ಮಳೆ ಹೊಳವಾದ ಒಂದು ಬೆಳಿಗ್ಗೆ ಮಂಗಳೂರಿನಿಂದ ಬಂದ ಲಾರಿಯೊಂದು ಗೋಣಿಯಲ್ಲಿ ಸುತ್ತಿದ ವಸ್ತುವನ್ನು ವಾರಿಜಳ ಬಾಗಿಲಲ್ಲಿ ಇಳಿಸಿ ಹೋಯಿತು. ಲಕ್ಷದ್ವೀಪದ ಆಚೆ, ಜನವಿಲ್ಲದ ಹವಳದ ದಿಬ್ಬವೊಂದಕ್ಕೆ ಮುರಿದ ಚುಕ್ಕಾಣಿ ಕೋಣೆ ಬಂದು ತಗುಲಿತ್ತಂತೆ. ಅತ್ತ ಹೋದ ಮೀನುಗಾರರು ಪೆಟ್ಟಿಗೆಯ ಮೇಲಿನ ವಿಳಾಸ ನೋಡಿ ಹಡಗಿನಲ್ಲಿ ಕಳಿಸಿದ್ದರು.

ಗೋಣಿ ಬಿಚ್ಚಿದಾಗ ಹಳದಿ ಬಣ್ಣವೆಲ್ಲ ಬಿಳಿಚಿಕೊಂಡು, ಮೈತುಂಬ ಚಿಪ್ಪು ಹತ್ತಿದ ಪೆಟ್ಟಿಗೆ. ನೆತ್ತಿಯ ಗಾಜಿನ ಹಲಗೆ ಬಿರುಕು ಬಿಟ್ಟಿದ್ದರೂ ಬಿಸಿಲು ಕುಡಿಯುವುದನ್ನು ಬಿಟ್ಟಿರಲಿಲ್ಲ. ಒಂದು ಸಣ್ಣ ದೀಪ ನಿಧಾನವಾಗಿ, ಉಸಿರಾಡುವ ಹಾಗೆ, ಹೊತ್ತಿ ಆರುತ್ತಿತ್ತು. ವಾರಿಜ ಅದನ್ನು ಮೇಜಿನ ಮೇಲಿಟ್ಟು ಇನ್ನೇನು ಯೋಚಿಸುವ ಮೊದಲೇ ಅದಕ್ಕೆ ಅಳಿವೆಯ ಪೆಟ್ಟಿಗೆಗಳ ಸುಳಿವು ಸಿಕ್ಕಿತು. ದೀಪ ಬೇಗಬೇಗ ಮಿನುಗಿತು. ಏಳು ತಿಂಗಳ ಮೌನದ ನಂತರ ನೀಲಗಂಗೆ ಮಾತಾಡತೊಡಗಿತು.

ಪರದೆಯ ಮೇಲೆ ಮೂಡಿದ್ದನ್ನು ವಾರಿಜ ಮೊದಲಿನಿಂದ ಓದಿದಳು. ಬಿರುಗಾಳಿಯ ದಿನ ಪೆಟ್ಟಿಗೆ ಬಂದರಿನಿಂದ ಕಡಿದುಹೋಗಿತ್ತೇ ಹೊರತು ನಿಂತಿರಲಿಲ್ಲ. ಒಂಟಿಯಾಗಿಯೇ ತನ್ನ ಪುಟಗಳನ್ನು ಬರೆಯುತ್ತ ಹೋಗಿತ್ತು. ಸರಪಳಿಗೆ ಒಂದು ಕವಲು ಹುಟ್ಟಿತ್ತು. ನಲವತ್ತೊಂದು ದಿನದ ಕವಲು.

ಅವಳು ಗುಲಾಬಿಗೂ ಸರಸುವಿಗೂ ಫೋನ್ ಮಾಡಿ ಕರೆಸಿದಳು. ಇಬ್ಬರೂ ಬಂದು ಪರದೆಯ ಮುಂದೆ ನಿಂತರು. ಮೀನಿನ ಪಾಲು ಯಾರು ಬೇಕಾದರೂ ಓದಬಹುದಾದ ಬರಹ. ಕಾಳಿಂಗ ತನ್ನ ಅಭ್ಯಾಸ ಬಿಟ್ಟಿರಲಿಲ್ಲ, ದಿನದಿನವೂ ನಮೂದಿಸಿದ್ದ.

ಮೊದಲ ದಿನ: ಮೀನು ಹದಿನೆಂಟು ಬುಟ್ಟಿ. ಪಾಲು ಮೂರು.

ಆರನೆಯ ದಿನ: ಮೀನು ಎರಡು. ಪಾಲು ಮೂರು.

ಇಪ್ಪತ್ತನೆಯ ದಿನ: ಮಳೆ ನೀರು ಒಂದು ಕೊಡ. ಪಾಲು ಮೂರು.

ಮೂವತ್ತೆಂಟನೆಯ ದಿನ: ನೀರು ಎರಡು ಲೋಟ. ಪಾಲು ಎರಡು.

ಗುಲಾಬಿ ಆ ಸಾಲಿನ ಮೇಲೆ ಬೆರಳಿಟ್ಟಳು. "ಎರಡ್ ಪಾಲ್ ಅಂದ್ರೆ? ಯಾರ್ ಪಾಲ್ ಇಲ್ಲೆ ಇದ್ರಾಗೆ?"

ವಾರಿಜ ಇನ್ನೊಂದು ಪಟ್ಟಿ ತೆರೆದಳು. ಅದು ಒಬ್ಬರಿಂದ ಒಬ್ಬರಿಗೆ ಕಳಿಸಿದವುಗಳ ಪಟ್ಟಿ. ಕಳಿಸಿದವರ ಹೆಸರು, ಪಡೆಯುವವರ ಹೆಸರು, ದಿನ ಮಾತ್ರ ಕಾಣುತ್ತಿತ್ತು. ಜೊತೆಗಿರುವ ಟಿಪ್ಪಣಿಗೆ ಬೀಗ. ಪಡೆಯುವವರ ಹೆಬ್ಬೆರಳಿಗೆ ಮಾತ್ರ ಅದು ತೆರೆಯುತ್ತದೆ, ಅದೂ ಬರಹವನ್ನು ಸರಪಳಿ ಒಪ್ಪಿದ ಮೇಲೆ. ಶೀನನಿಂದ ಗುಲಾಬಿಗೆ ಒಂಬತ್ತು ಇದ್ದವು. ಕೊನೆಯದು ಮೂವತ್ತೇಳನೆಯ ದಿನದ್ದು. ರಾಜೀವನಿಂದ ಸರಸುವಿಗೆ ಹದಿನೇಳು. ಕೊನೆಯದು ಮೂವತ್ತೊಂಬತ್ತನೆಯ ದಿನ. ನಲವತ್ತೊಂದನೆಯ ದಿನ ಕಾಳಿಂಗ ಒಂದೇ ಬರಹ ಬರೆದಿದ್ದ. ಪಾಲು ಒಂದು.

ಗುಲಾಬಿ ನೆಲದ ಮೇಲೆ ಕೂತಳು. ತಣ್ಣನೆಯ ನೆಲ. ಅವಳು ಅಳಲಿಲ್ಲ. "ಮೂವತ್ತೇಳ್ ದಿನ ಇದ್ದಿರ್" ಎಂದಳು. "ನಾನ್ ಕಾದದ್ದ್ ಸುಳ್ಳಲ್ಲ."

ಆಮೇಲೆ ವಾರಿಜ ಕಷ್ಟದ ಮಾತನ್ನು ಹೇಳಿದಳು. ಸರಪಳಿಯ ನಿಯಮದಲ್ಲಿ ಉದ್ದದ ಕವಲೇ ಸತ್ಯ. ಇನ್ನೂರ ಹನ್ನೆರಡು ಪೆಟ್ಟಿಗೆಗಳ ಎದುರು ಒಂದೇ ಒಂದು. ಅದು ಸೋಲುತ್ತದೆ, ಅದರ ಪುಟಗಳು ಅಳಿಸಿಹೋಗುತ್ತವೆ, ಬೀಗ ಹಾಕಿದ ಟಿಪ್ಪಣಿಗಳೂ ಅದರ ಜೊತೆಗೇ. ಇಂಥ ಹೊತ್ತಿಗೆಂದು ಅವಳೇ ಒಂದು ದಾರಿ ಇಟ್ಟಿದ್ದಳು. ಕಡಲುಬ್ಬರ ಏರಿ ನಿಲ್ಲುವ ಮುಂದಿನ ಭರತದ ತುದಿಯೊಳಗೆ ಅರ್ಧಕ್ಕಿಂತ ಹೆಚ್ಚು ದೋಣಿಗಳ ತಾಂಡೇಲರು, ಅಂದರೆ ನೂರ ಏಳು ಮಂದಿ, ಹೆಬ್ಬೆಟ್ಟು ಒತ್ತಿ ಒಪ್ಪಿದರೆ ಆ ಕವಲು ಸರಪಳಿಗೆ ಸೇರುತ್ತದೆ. ಆದರೆ ಅದರಿಂದ ನಷ್ಟವಾಗುವವರು ಮೊದಲು ಒಪ್ಪಬೇಕು.

"ನಷ್ಟ ಯಾರಿಗೆ?" ಎಂದಳು ಸರಸು.

"ನಿಮ್ಮಿಬ್ಬರಿಗೆ. ಕಾಳಿಂಗನ ಪಾಲೂ ಹೋತ್ತ್, ಆದ್ರೆ ಅದ್ ಸಂಘದ್ದ್. ಮುಂಚೆ ಸರಪಳಿಗೆ ಗೊತ್ತಿದ್ದ ಕಡೀ ಜಾಗ ಗಡಿಯೊಳಗೆ ಇದ್ದಿತ್ತ್. ಈ ಪುಟ ಸೇರಿರೆ ದೋಣಿ ಗಡಿ ದಾಟಿ ಎಷ್ಟೋ ದೂರ ಇದ್ದಿತ್ತ್ ಅಂದೇಳಿ ಆತ್ತ್. ಇಂಜಿನ್ ಹೋಗಿ ತೇಲಿದ್ದ್ ಅಂದೇಳಿ ಕರಾರಿಗೆ ಅರ್ಥ ಆತಿಲ್ಲೆ. ಗಡಿ ದಾಟಿದ ದೋಣಿಗೆ ವಿಮೆ ಇಲ್ಲೆ. ಕೊಟ್ಟದ್ದನ್ನ ವಾಪಸ್ ಎಳ್ಕಂತ್."

"ಹನ್ನೆರಡೂ ಲಕ್ಷವಾ?"

"ಹೌದ್. ಇಲ್ದಿದ್ರೆ ಸಾಲ ಅಂದೇಳಿ ಬರ್ಕಂತ್. ಹದಿನಾಲ್ಕ್ ಬಂದರಿನ ನಿಧಿ ಅದ್, ನಾವೊಬ್ರೇ ಬಿಟ್ಟುಕೊಡೂಕೆ ಬತ್ತಿಲ್ಲೆ."

ಸರಸು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಮರುಕ್ಷಣ ಗುಲಾಬಿಯ ಕಡೆ ತಿರುಗಿದಳು. "ಗುಲಾಬಕ್ಕ, ನಿಮ್ಮ ದುಡ್ಡ್ ಹಾಂಗೇ ಇತ್ತ್. ನನ್ ಹತ್ರ ಮೂರೇ ಲಕ್ಷ ಉಳ್ದದ್ದ್. ಒಂಬತ್ತ್ ಲಕ್ಷ ನಾನ್ ಎಲ್ಲಿಂದ ತಪ್ಪುದ್? ನಿಮಗೆ ಕೈಮುಗಿತೆ, ಇದನ್ನ ಬಿಟ್ಟ್ಬಿಡಿ."

ಗುಲಾಬಿ ಪರದೆಯ ಮೇಲಿದ್ದ ಒಂಬತ್ತು ಬೀಗಗಳನ್ನು ನೋಡಿದಳು. ಒಂದು ಹೆಬ್ಬೆರಳಿನಷ್ಟು ದೂರ. "ನಿನ್ ಮಗಳಿಗಿಂತ ದೊಡ್ಡದಲ್ಲ ಮಾರಾಯ್ತಿ" ಎಂದಳು. "ನೀ ಮನಿಗ್ ಹೋಗ್. ನಾನ್ ಒತ್ತುದಿಲ್ಲೆ."

ಸರಸು ಹೋದಳು. ಗುಲಾಬಿ ಕೆಳಗಿಳಿದು ದೋಣಿ ಕಟ್ಟುವ ಧಕ್ಕೆಯ ಅಂಚಿನಲ್ಲಿ ಕೂತಳು. ಮೋಡದ ಸಂದಿಯಿಂದ ಬಿದ್ದ ಬೆಳಕು ಅಳಿವೆಯ ನೀರನ್ನು ಹಾಲುಬಣ್ಣ ಮಾಡಿತ್ತು. ದೋಣಿಗಳೆಲ್ಲ ಒಂದೇ ಉಸಿರಿನಲ್ಲಿ ಏರಿ ಇಳಿಯುತ್ತಿದ್ದವು. ಭರತಕ್ಕೆ ನೀರು ಒಂದೊಂದೇ ಕಲ್ಲನ್ನು ಮುಚ್ಚುತ್ತ ಮೇಲೆ ಬರುತ್ತಿತ್ತು. ನಾಲ್ಕು ಗಂಟೆ ಇಪ್ಪತ್ತು ನಿಮಿಷಕ್ಕೆ ಅದರ ತುದಿ. ಆ ಹೊತ್ತಿಗೆ ಶೀನನ ಮಾತು ಮುಳುಗುತ್ತದೆ ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ಆಶ್ಚರ್ಯವೆಂದರೆ ಸಿಟ್ಟು ಬರಲಿಲ್ಲ. ಒಂಬತ್ತು ಸಲ ಅವನು ತನ್ನನ್ನು ನೆನೆದಿದ್ದ. ಅಷ್ಟನ್ನು ಯಾರೂ ಅಳಿಸಲಾರರು.

ಎರಡು ಗಂಟೆಯ ಸುಮಾರಿಗೆ ಸರಸು ಮಗಳ ಕೈ ಹಿಡಿದು ಬಂದಳು. ಅವಳ ಕಣ್ಣು ಊದಿತ್ತು. ಪ್ರಾಪ್ತಿ ತಾಯಿಯ ಕೈ ಬಿಡಿಸಿಕೊಂಡು ಕಾರ್ಖಾನೆಯ ಮೆಟ್ಟಿಲುಗಳನ್ನು ಒಂದೇ ಓಟದಲ್ಲಿ ಹತ್ತಿ, ಮೇಲಿನಿಂದ ಇವರಿಬ್ಬರಿಗೂ ಕೈಬೀಸಿದಳು. ಉಸಿರು ಕಟ್ಟಿರಲಿಲ್ಲ.

"ಕಂಡ್ರ್ಯಾ ಗುಲಾಬಕ್ಕ" ಎಂದಳು ಸರಸು. "ಅದರ ಎದೆ ಒಳಗೆ ಹೊಲಿದದ್ದನ್ನ ಯಾವ ಸರಪಳಿಯೂ ಬಿಚ್ಚೂಕೆ ಆತಿಲ್ಲೆ. ದುಡ್ಡ್ ಅಲ್ದಾ, ಎಷ್ಟ್ ವರ್ಷ ಆದ್ರೂ ತೀರಸ್ತೆ. ಹದಿನೇಳ್ ಸಲ ಅವ್ರ್ ನಂಗೆ ಎಂತದೋ ಹೇಳೂಕೆ ಬಂದಿರ್. ಕೇಣದೆ ಹ್ಯಾಂಗ್ ಇಪ್ಪುದ್? ಏಳಿ."

ಇಬ್ಬರೂ ಮಹಡಿಗೆ ಹೋಗಿ ಹೆಬ್ಬೆರಳು ಒತ್ತಿದರು. ವಾರಿಜ ಎಲ್ಲ ದೋಣಿಗಳ ಧ್ವನಿವರ್ಧಕಗಳಲ್ಲಿ ಸುದ್ದಿ ಹೇಳಿ ತಾಂಡೇಲರನ್ನು ಕರೆದಳು. ನಿಷೇಧದ ಕಾಲವಾದ್ದರಿಂದ ಎಲ್ಲರೂ ಬಲೆ ಹೊಲಿಯುತ್ತ ಅಲ್ಲಲ್ಲೇ ಇದ್ದರು. ಮೂರೂವರೆಯ ಹೊತ್ತಿಗೆ ಬಂದ ಒಪ್ಪಿಗೆ ಬರೀ ಅರವತ್ತೊಂದು. ಆಮೇಲೆ ನಿಂತೇಹೋಯಿತು.

ಕಾರಣ ಕೇಳಲು ಇಬ್ಬರೂ ಧಕ್ಕೆಗೆ ಇಳಿದರು. ಮೊದಲ ದೋಣಿಯಲ್ಲಿದ್ದ ಮುದಿ ತಾಂಡೇಲ ಕೂತಲ್ಲಿಂದ ಏಳಲಿಲ್ಲ.

"ನಾನ್ ಒತ್ತಿರೆ ನಿಮ್ಮ ದುಡ್ಡ್ ಹೋತ್ತ್ ಮಕ್ಕಳೆ. ಗಂಡ ಹೋದ ಹೆಂಗಸ್ರ ಬಾಯಿಂದ ಅನ್ನ ಕಸಿದ ಪಾಪ ನಂಗೆ ಬ್ಯಾಡ."

"ಒತ್ತದಿದ್ರೆ ಅವ್ರ ಮಾತ್ ಹೋತ್ತ್" ಎಂದಳು ಸರಸು. "ಅದ್ ಯಾವ ಪಾಪ, ನೀವೇ ಹೇಳಿ."

ಮುದುಕ ಕೈಯ ದಾರವನ್ನು ಪಕ್ಕಕ್ಕಿಟ್ಟು ಎದ್ದು ಚುಕ್ಕಾಣಿ ಕೋಣೆಗೆ ಹೋದ. ಹಳದಿ ಪೆಟ್ಟಿಗೆ ಮಿನುಗಿತು. ಅಲ್ಲಿಂದ ಇಬ್ಬರೂ ದೋಣಿಯಿಂದ ದೋಣಿಗೆ ದಾಟುತ್ತ, ಹಗ್ಗ ಹಿಡಿದು, ಬಲೆಯ ರಾಶಿ ಹತ್ತಿ ಇಳಿದು, ಅಳಿವೆಯ ಉದ್ದಕ್ಕೂ ನಡೆದರು. ಹೆಚ್ಚಿನವರ ಹತ್ತಿರ ಮಾತೇ ಬೇಕಾಗಲಿಲ್ಲ. ಹೆಂಗಸರಿಬ್ಬರೂ ತಾವಾಗಿ ಬಂದು ನಿಂತದ್ದೇ ಸಾಕಾಯಿತು. ಕೆಲವರು ಕೊನೆಯವರೆಗೂ ಒಪ್ಪಲಿಲ್ಲ, ಮುಖ ತಿರುಗಿಸಿ ಕೂತರು. ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ನೂರ ಏಳನೆಯ ದೀಪ ಹೊತ್ತಿತು. ಭರತದ ತುದಿಯ ಹೊತ್ತಿಗೆ ನೂರ ಮೂವತ್ತು ದಾಟಿತ್ತು.

ಮಹಡಿಯ ಮೇಲೆ ವಾರಿಜ ಎರಡು ಕವಲುಗಳು ಒಂದರೊಳಗೊಂದು ಸೇರುವುದನ್ನು ನೋಡಿದಳು. ನಕ್ಷೆಯಲ್ಲಿ ಪಡುವಣದ ದೂರದಲ್ಲೆಲ್ಲೋ ಆರಿದ್ದ ಒಂದು ಚುಕ್ಕಿ ಹೊತ್ತಿ, ನಲವತ್ತೊಂದು ಹೆಜ್ಜೆ ನಡೆದು, ಮೆಲ್ಲನೆ ಮಸುಕಾಯಿತು.

ಗುಲಾಬಿ ಬಲೆಯ ರಾಶಿಯ ಮೇಲೆ ಕೂತು ಮೊಬೈಲಿಗೆ ಹೆಬ್ಬೆರಳು ಇಟ್ಟಳು. ಹನ್ನೆರಡು ಲಕ್ಷ ಹೊರಟುಹೋಯಿತು. ಅದರ ಹಿಂದೆಯೇ ಒಂದು ರೂಪಾಯಿ ಬಂತು, ಮತ್ತೊಂದು ಬಂತು, ಹೀಗೆ ಒಂಬತ್ತು. ಸೊನ್ನೆ ಕಳಿಸಿದರೆ ಸರಪಳಿ ಒಪ್ಪುವುದಿಲ್ಲ. ಅದಕ್ಕೇ ಶೀನ ಪ್ರತಿ ಟಿಪ್ಪಣಿಗೂ ಒಂದೊಂದು ರೂಪಾಯಿ ಕಟ್ಟಿದ್ದ.

ಮೂರನೆಯ ದಿನದ್ದು: "ಇಂಜಿನ್ ಹೋಯ್ತ್. ಹೆದ್ರಬೇಡ. ಮೂರೂ ಜನ ಹುಷಾರ್."

ಒಂಬತ್ತನೆಯ ದಿನದ್ದು: "ತಾಂಡೇಲ್ರ್ ತಂತಿ ಬಗ್ಗಿಸಿ ಗಾಳ ಮಾಡಿರ್. ಕೇದರ ಮೀನ್ ಸಿಕ್ತ್. ಹಸೀದೇ ತಿಂದೊ."

ಹದಿನಾಲ್ಕನೆಯ ದಿನದ್ದು: "ಕಡಲ್ ನೀರ್ ನೀಲಿ ಬೆಳಕಾಯಿ ಹೊಳಿತ್ತ್. ನೀ ಕಾಂಬುಕ್ ಬೇಕಿತ್ತ್."

ಇಪ್ಪತ್ತನೆಯ ದಿನದ್ದು: "ಮಳೆ ಬಂತ್. ಬಾಯ್ ತುಂಬ ಕುಡ್ದೆ."

ಇಪ್ಪತ್ತಾರನೆಯ ದಿನದ್ದು: "ರಾಜೀವ ಮಗಳ್ ಹೆಸ್ರ್ ಹೇಳ್ಕಂಡೇ ಮನಗತ. ಸರಸುನ್ ಕಾಣ್ಕೊ."

ಅವಳು ಒಂದೊಂದನ್ನೂ ಎರಡೆರಡು ಸಲ ಓದಿದಳು. ಕೊನೆಯದು ಮೂವತ್ತೇಳನೆಯ ದಿನದ್ದು: "ಗಾಳಿ ಇಲ್ಲೆ. ಕಡಲ್ ನಮ್ಮನಿ ಅಂಗಳದಾಂಗೆ ಇತ್ತ್. ಇಳ್ದ್ ನಡ್ಕಂಡ್ ಬಪ್ಪ ಅಂತ ಕಾಣ್ತ್."

ಆಗ ಗುಲಾಬಿ ಅತ್ತಳು. ಏಳು ತಿಂಗಳಿನಿಂದ ಅಳದೆ ಇಟ್ಟುಕೊಂಡದ್ದನ್ನೆಲ್ಲ ಅತ್ತಳು. ಪಕ್ಕದ ದೋಣಿಯಲ್ಲಿ ಸರಸು ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಹದಿನೇಳನ್ನೂ ಓದುತ್ತಿದ್ದಳು. ಅದರಲ್ಲಿ ಏನಿತ್ತೆಂದು ಅವಳು ಯಾರಿಗೂ ಹೇಳಲಿಲ್ಲ. ಒಂದು ಕಡೆ ಮಾತ್ರ ತಾಯಿ ಮಗಳು ಇಬ್ಬರೂ ಗಟ್ಟಿಯಾಗಿ ನಕ್ಕದ್ದು ಧಕ್ಕೆಯವರೆಗೂ ಕೇಳಿಸಿತು.

ಶೀನ ಹೋದ ದಿನ ಯಾವುದೆಂದು ಈಗ ತಿಳಿದಿತ್ತು. ಗುಲಾಬಿ ಉತ್ತರಕ್ರಿಯೆ ಮಾಡಿಸಿದಳು, ಕರಿಮಣಿ ತೆಗೆದಿಟ್ಟಳು. ಕಾಳಿಂಗನಿಗೂ ಅದೇ ದಿನ ಎಡೆ ಇಟ್ಟಳು. ಅವನಿಗೆ ಬೇರೆ ಯಾರಿದ್ದರು? ಸರಸುವಿನ ಹೆಸರಿನ ಮುಂದೆ ಒಂಬತ್ತು ಲಕ್ಷ ಸಾಲ ನಿಂತಿತು. ಇಬ್ಬರೂ ಸೇರಿ ಕಡಲಂಚಿನಲ್ಲಿ ಒಣಮೀನಿನ ಚಪ್ಪರ ಹಾಕಿದರು. ತಿಂಗಳು ತಿಂಗಳೂ ಬಂದದ್ದರಲ್ಲಿ ಅರ್ಧ ಕಂತಿಗೆ ಹೋಗುತ್ತಿತ್ತು. ವಾರಿಜ ಹದಿನಾಲ್ಕು ಬಂದರುಗಳಿಗೂ ಹೋಗಿ ಕೂತು ವಾದಿಸಿದಳು. ಮರುವರ್ಷ ಕರಾರಿಗೆ ಒಂದು ಸಾಲು ಸೇರಿತು: ಇಂಜಿನ್ ನಿಂತು ತೇಲುವ ದೋಣಿಗೆ ಗಡಿಯಿಲ್ಲ. ಆದರೆ ಹಿಂದೆ ಬರೆದದ್ದಕ್ಕೆ ಅದು ಅನ್ವಯಿಸುವಂತಿರಲಿಲ್ಲ. ಸರಸುವಿನ ಸಾಲ ತೀರಲು ಆರು ವರ್ಷ ಹಿಡಿಯಿತು.

ಪೆಟ್ಟಿಗೆ ಮರಳಿ ಬಂದ ವರ್ಷದ ಆಗಸ್ಟಿನಲ್ಲಿ ನಿಷೇಧ ಮುಗಿದ ದಿನ ಬೆಳಗಾಗುತ್ತಲೇ ದೋಣಿಗಳು ಸಾಲುಗಟ್ಟಿ ಹೊರಟವು. ಗುಲಾಬಿ ಬುಟ್ಟಿಯನ್ನು ಮೆಟ್ಟಿಲ ಬುಡದಲ್ಲಿಟ್ಟು ವಾರಿಜಳ ಕೋಣೆಗೆ ಬಂದಳು.

"ವಾರಿಜಕ್ಕ, ಅವ್ರ ಖಾತೆಗೆ ದುಡ್ಡ್ ಹಾಕೂಕೆ ಆತ್ತಾ?"

ವಾರಿಜ ನೋಡಿದಳು. ಕರಾರು ದುಡ್ಡನ್ನು ವಾಪಸ್ ಎಳೆದುಕೊಂಡಾಗ ಶೀನನ ಖಾತೆ ಮುಕ್ತಾಯ ಎಂಬ ಸಾಲೂ ಬಿದ್ದುಹೋಗಿತ್ತು. "ತೆರೆದೇ ಇತ್ತ್ ಕಾಣ್. ಮುಚ್ಚೂಕೆ ಯಾರೂ ಹೇಳಲಿಲ್ಲ."

"ಒಂದ್ ರೂಪಾಯಿ."

"ಟಿಪ್ಪಣಿ ಬರಿತ್ಯಾ?"

ಗುಲಾಬಿ ಕಿಟಕಿಯ ಕಡೆ ತಿರುಗಿ ನಿಂತು ಮೊಬೈಲಿನಲ್ಲಿ ನಿಧಾನವಾಗಿ, ಒಂದೊಂದೇ ಅಕ್ಷರ ಹುಡುಕಿ ಬರೆದಳು. ಒತ್ತಿದಳು. ಟಿಪ್ಪಣಿಗೆ ಶೀನನ ಹೆಬ್ಬೆರಳಿನ ಬೀಗ ಬಿತ್ತು. ವಾರಿಜಳಿಗೂ ಅದನ್ನು ಓದಲಾಗುವುದಿಲ್ಲ, ಯಾರಿಗೂ ಓದಲಾಗುವುದಿಲ್ಲ.

ಬಂದರಿಗೆ ಹತ್ತಿರವಿದ್ದ ದೋಣಿ ಆ ರೂಪಾಯಿಯನ್ನು ಮೊದಲು ಒಪ್ಪಿತು. ಅದರಿಂದ ಮುಂದಿನದು, ಅದರಿಂದ ಅದರಾಚೆಯದು. ಆವಿಯ ಹಿಂದೆ ಹಸಿರು ಚುಕ್ಕಿಗಳು ಒಂದಾದ ಮೇಲೊಂದು ಕಣ್ಣು ಮಿಟುಕಿಸಿದವು. ಬರಹ ದೋಣಿಯಿಂದ ದೋಣಿಗೆ ದಾಟುತ್ತ ಪಡುವಣಕ್ಕೆ ಹೋಯಿತು. ಮುಕ್ಕಾಲು ಗಂಟೆಯ ನಂತರ ಎಲ್ಲಕ್ಕಿಂತ ಮುಂದಿದ್ದ ದೋಣಿಯೂ ಮಿಟುಕಿಸಿತು. ಅದರಾಚೆ ಬರೀ ನೀಲಿ.

"ಎಲ್ಲರಿಗೂ ಮುಟ್ತ್" ಎಂದಳು ವಾರಿಜ.

"ಅಕ್ಕ್, ಅಷ್ಟ್ ಸಾಕ್" ಎಂದು ಗುಲಾಬಿ ಕೆಳಗಿಳಿದು ಬುಟ್ಟಿ ಎತ್ತಿಕೊಂಡಳು. ಮೊದಲ ದೋಣಿಯ ಮೀನು ಬರುವ ಮುಂಚೆ ಪೇಟೆಯಲ್ಲಿ ಜಾಗ ಹಿಡಿಯಬೇಕಿತ್ತು.